ಒಂದೂವರೆ ಮಂದಿಯ ಹರಿಗೋಲು

ಯಂಕಪ್ಪ ಮನುಷ್ಯರ ಮುಖ ನೋಡುವ ಮೊದಲು ಅವರ ಭಾರ ನೋಡುತ್ತಿದ್ದ. ಅವನ ಕಣ್ಣು ಮೊದಲು ಹೆಗಲಿಗೆ ಹೋಗುತ್ತಿತ್ತು, ಅಲ್ಲಿಂದ ಸೊಂಟಕ್ಕೆ, ಅಲ್ಲಿಂದ ಪಾದಕ್ಕೆ. ಮರಳಿನಲ್ಲಿ ಹೆಜ್ಜೆ ಎಷ್ಟು ಹೂತಿದೆ ಎಂದು ನೋಡಿ, ಕೊನೆಗೊಮ್ಮೆ ಮುಖಕ್ಕೆ ಬರುತ್ತಿತ್ತು. ಹನುಮನಹಳ್ಳಿಯ ಹೊಳೆದಂಡೆಯಲ್ಲಿ ನಾನು ಮೊದಲ ಸಲ ಅವನೆದುರು ನಿಂತಾಗ ನಮಸ್ಕಾರ ಅನ್ನಲಿಲ್ಲ, ಯಾವೂರು ಅನ್ನಲಿಲ್ಲ.

“ಅರವತ್ತೆರಡು,” ಅಂದ.

ನನಗೆ ಆಗ ಅರವತ್ತೊಂಬತ್ತು. ಏಳು ವರ್ಷ ಕಡಿಮೆ ಮಾಡಿದನಲ್ಲ ಎಂದು ಖುಷಿಯಾಗಿ, “ಥ್ಯಾಂಕ್ ಯೂ,” ಅಂದೆ.

“ಕೇಜಿ ರೀ ಅಮ್ಮಾರ,” ಅಂದ ಯಂಕಪ್ಪ.

ನನ್ನ ತಂಗಿ ಸುಶೀಲಾ ನರ್ಸ್ ಆಗಿ ರಿಟೈರ್ ಆದವಳು. ನಮ್ಮ ಗಾಡಿಯಲ್ಲಿ ತೂಕದ ಮಷೀನ್ ಇಟ್ಟುಕೊಂಡೇ ತಿರುಗುತ್ತಾಳೆ. ಅವಳು ಆಗಲೇ ಅದನ್ನು ತಂದು ಬಂಡೆಯ ಮೇಲಿಟ್ಟು ನನ್ನನ್ನು ಹತ್ತಿಸಿದಳು. ಅರವತ್ತೆರಡೂವರೆ ತೋರಿಸಿತು. ಯಂಕಪ್ಪನಿಗೆ ಸ್ವಲ್ಪವೂ ಆಶ್ಚರ್ಯವಾಗಲಿಲ್ಲ. “ಅರ್ಧ ಕೇಜಿ ಬಳಿ, ಚಷ್ಮಾ, ಕೈಯಾಗಿನ ಪುಸ್ತಕ. ಅದನ್ನ ನಾ ಲೆಕ್ಕಕ್ಕ ಹಿಡಿಯಂಗಿಲ್ರಿ,” ಅಂದ. ನಲವತ್ತೈದು ವರ್ಷ ಆನೆಗೊಂದಿ ಕಡೆಯ ಹೊಳೆಯಲ್ಲಿ ಹರಿಗೋಲು ಹಾಕಿದವನು. ಬಿದಿರಿನ ಆ ದುಂಡು ಬುಟ್ಟಿಯಲ್ಲಿ ಯಾರು ಎಲ್ಲಿ ಕೂಡಬೇಕು ಎಂದು ಹೇಳಬೇಕಾದರೆ ಯಾರ ಭಾರ ಎಷ್ಟು ಎಂದು ದೂರದಿಂದಲೇ ಗೊತ್ತಿರಬೇಕು. ಅವನಿಗೆ ಅದು ವಿದ್ಯೆ. ನನಗೆ ಆ ದಿನ ಅದು ಇನ್ಸಲ್ಟ್ ಆಗಿತ್ತು.

ಇನ್ಸಲ್ಟ್ ಮೇಲೆ ಇನ್ಸಲ್ಟ್, ಏಕೆಂದರೆ ಹತ್ತು ನಿಮಿಷದ ಹಿಂದೆ ನಮ್ಮ ದೋಣಿ ಒಡೆದಿತ್ತು. ಆ ಸದ್ದು ಕೇಳಿಯೇ ಅವನು ಬಂಡೆಗಳ ಮೇಲೆ ಕಾಲಿಡುತ್ತ ಬಂದದ್ದು.

ನಮ್ಮ ವಿಷಯ ಇಷ್ಟು. ನಾನೂ ಸುಶಿಯೂ ಮನೆ ಬಿಟ್ಟು ಗಾಡಿಯಲ್ಲಿ ಇರುತ್ತೇವೆ. ಪಿಕ್‌ನಿಕ್ಕಿಗೆ ಅಲ್ಲ, ವರ್ಷಪೂರ್ತಿ. ಹಳೆಯ ಆಂಬ್ಯುಲೆನ್ಸ್ ವ್ಯಾನೊಂದನ್ನು ಕೊಂಡು, ಸ್ಟ್ರೆಚರ್ ಇದ್ದ ಕಡೆ ಎರಡು ಹಾಸಿಗೆ, ಆಕ್ಸಿಜನ್ ಸಿಲಿಂಡರ್ ಇದ್ದ ಕಡೆ ಗ್ಯಾಸ್ ಒಲೆ, ಮೇಲೆ ನೀರಿನ ಟ್ಯಾಂಕ್ ಹಾಕಿಸಿಕೊಂಡಿದ್ದೇವೆ. ಬಿಳಿ ಬಣ್ಣ ಹಾಗೇ ಇದೆ. ಊರೊಳಗೆ ನಿಲ್ಲಿಸಿದರೆ ಮಂದಿ ಓಡಿಬಂದು “ಯಾರಿಗೇನಾತ್ರಿ?” ಎಂದು ಕೇಳುತ್ತಾರೆ. ಏನೂ ಆಗಿಲ್ಲ ಅಂದರೆ ಅರ್ಧ ಸಮಾಧಾನ, ಅರ್ಧ ನಿರಾಸೆ. ಗಾಡಿ ಓಡಿಸುವುದು ಸುಶಿ. ನಾನು ಪಕ್ಕದಲ್ಲಿ ಕೂತು ಮ್ಯಾಪ್ ನೋಡುತ್ತೇನೆ, ತಪ್ಪು ದಾರಿ ಹೇಳುತ್ತೇನೆ.

ದೋಣಿ ಬೇಕು ಎಂದದ್ದು ನಾನು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ಮುದುಕಿಯ ಹುಚ್ಚು ಅನ್ನಿಸೀತು. ನಮ್ಮ ತಂದೆ ಗಂಗಾವತಿಯಲ್ಲಿ ಕಾಲುವೆ ಆಫೀಸಿನಲ್ಲಿದ್ದರು. ನನ್ನನ್ನು ಬಳ್ಳಾರಿಯ ಕಾನ್ವೆಂಟ್ ಹಾಸ್ಟೆಲಿನಲ್ಲಿ ಬಿಟ್ಟಿದ್ದರು. ರಜೆ ಮುಗಿದಾಗಲೆಲ್ಲ ಕಬ್ಬಿಣದ ಟ್ರಂಕ್ ಜೊತೆ ನನ್ನನ್ನು ಹರಿಗೋಲಿನಲ್ಲಿ ಕೂಡಿಸಿ ಹೊಳೆ ದಾಟಿಸುತ್ತಿದ್ದರು. ಎಲ್ಲರೂ ಹೇಳುತ್ತಿದ್ದದ್ದು ಒಂದೇ ಮಾತು: ಅಲುಗಾಡಬೇಡ. ಕಾನ್ವೆಂಟಿನಲ್ಲಿ ಅದೇ ಇಂಗ್ಲಿಷಿನಲ್ಲಿ: ಸಿಟ್ ಸ್ಟಿಲ್, ಗರ್ಲ್ಸ್. ಮದುವೆಯಾದ ಮೇಲೆ ನಮ್ಮವರ ಸ್ಕೂಟರಿನ ಹಿಂದಿನ ಸೀಟು. ಅವರು ಹೋದ ಮೇಲೆ ಸುಶಿಯ ಪಕ್ಕದ ಸೀಟು. ಒಳ್ಳೆಯವರೇ ನನ್ನನ್ನು ಕರೆದುಕೊಂಡು ಹೋಗಿದ್ದಾರೆ, ದೂರಲು ಏನೂ ಇಲ್ಲ. ಆದರೆ ಅರವತ್ತೊಂಬತ್ತಕ್ಕೆ ಬಂದು ಲೆಕ್ಕ ಹಾಕಿದರೆ ನಾನು ಜನ್ಮದಲ್ಲಿ ಒಂದು ಸೈಕಲ್ ಕೂಡ ನಡೆಸಿಲ್ಲ. ಒಂದೇ ಒಂದು ಸಲ, ಒಂದು ಸಣ್ಣ ದೋಣಿಯನ್ನು, ನಾನೇ ಈ ದಡದಿಂದ ಆ ದಡಕ್ಕೆ ಒಯ್ಯಬೇಕು. ಅಷ್ಟೇ ಆಸೆ.

ಸುಶಿ ಗಡುವು ಹಾಕಿದ್ದಳು. “ನೋಡಕ್ಕಾ, ಯುಗಾದಿ ತನಕ ಹುಡುಕೂನು. ನಾವಿಬ್ಬರ ಎತ್ತೂವಂಥಾದು, ಗಾಡ್ಯಾಗ ಹಿಡಿಯೂವಂಥಾದು, ನೀ ಮುಣುಗಲಾರದಂಥಾದು. ಸಿಕ್ಕರ ಸಿಕ್ತು. ಇಲ್ಲಂದ್ರ ಆಮ್ಯಾಲ ದೋಣಿ ಅನ್ನೂ ಶಬ್ದ ಈ ಗಾಡ್ಯಾಗ ಕೇಳಬಾರದು.” ಅವಳ ಭಯ ನನಗೆ ಗೊತ್ತು. ಆಸ್ಪತ್ರೆಯಲ್ಲಿ ನೀರಿನಿಂದ ಎತ್ತಿ ತಂದವರನ್ನು ಅವಳು ನೋಡಿದ್ದಾಳೆ.

ಮೊದಲು ತರಿಸಿದ್ದು ಗಾಳಿ ತುಂಬುವ ದೋಣಿ. ಹಳದಿ ಬಣ್ಣ, ಮಡಚಿದರೆ ಹಾಸಿಗೆ ಸುರುಳಿಯಷ್ಟು. ಅದರ ಜೊತೆ ಬಂದ ಮ್ಯಾನ್ಯುಯಲ್ ಅನ್ನು ನಾನು ಮೂರು ಸಲ ಓದಿ ಪೆನ್ಸಿಲ್ಲಿನಿಂದ ಅಂಡರ್‌ಲೈನ್ ಮಾಡಿದ್ದೆ. ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದವಳು ನಾನು, ಅಚ್ಚಾದ ಮಾತನ್ನು ಅನುಮಾನಿಸುವ ಅಭ್ಯಾಸವಿಲ್ಲ. ಬೆಳಗಿನ ತಂಪಿನಲ್ಲಿ ನಾನು ಓದಿದೆ, ಸುಶಿ ಪಂಪ್ ಒತ್ತಿದಳು. ಬೆರಳಿಟ್ಟರೆ ತಗ್ಗು ಬೀಳದಷ್ಟು ಗಟ್ಟಿಯಾಗಬೇಕು ಎಂದಿತ್ತು. ಹಾಗೇ ಆಯಿತು, ನೂರಕ್ಕೆ ನೂರು. ಅದನ್ನು ಬಂಡೆಯ ಮೇಲಿಟ್ಟು, ಉಪ್ಪಿಟ್ಟು ತಿಂದು, ಚಹಾ ಕುಡಿದು, ಲೈಫ್ ಜಾಕೆಟ್ಟಿನ ಬಕಲ್ ಜೊತೆ ಜಗಳವಾಡಿ ಬರುವಷ್ಟರಲ್ಲಿ ಹನ್ನೊಂದು ಗಂಟೆ. ಹನ್ನೊಂದು ಗಂಟೆಗೆ ನಮ್ಮ ಸೀಮೆಯ ಬಂಡೆ ಏನಾಗಿರುತ್ತದೆ ಎಂದು ಮ್ಯಾನ್ಯುಯಲ್ ಬರೆದವರಿಗೆ ಗೊತ್ತಿಲ್ಲ. ಗಂಗಾವತಿಯಲ್ಲಿ ಹುಟ್ಟಿದ ನಮಗೆ ಗೊತ್ತಿರಬೇಕಿತ್ತು. ಒಳಗಿನ ಗಾಳಿ ಕಾದು ಹಿಗ್ಗಿ, ಕಲ್ಲುಗಣಿಯಲ್ಲಿ ಮದ್ದು ಹಾರಿಸಿದ ಹಾಗೆ ಢಬ್ ಎಂದಿತು. ಅಂಜನಾದ್ರಿಯ ಕೋತಿಗಳೆಲ್ಲ ಒಮ್ಮೆಲೇ ಮರ ಹತ್ತಿದವು. ಒಂದು ಕೋತಿ ಮಾತ್ರ ಇಳಿದು ಬಂದು ಮ್ಯಾನ್ಯುಯಲ್ ಎತ್ತಿಕೊಂಡು ಹೋಯಿತು.

ಯಂಕಪ್ಪ ಹರಿದ ಹಳದಿ ರಬ್ಬರನ್ನು ಕಾಲ ಹೆಬ್ಬೆರಳಿನಿಂದ ಎತ್ತಿ ನೋಡಿದ.

“ಹೊಟ್ಟಿ ಬಿರಿಯೂವಂಗ ಉಣಿಸಿ ಬಿಸಲಾಗ ಕುಂದ್ರಸೀರಿ. ಅದರ ಏನ್ ಮಾಡೀತ್ರಿ, ಪಾಪ.”

ಸುಶಿ ನಕ್ಕುಬಿಟ್ಟಳು. ನಾನು ನಗಲಿಲ್ಲ. ಅವನು ನನ್ನ ಕಡೆ ತಿರುಗಿ, “ಅಮ್ಮಾರ, ದೋಣಿ ಎದಕ ಬೇಕ್ರಿ?” ಎಂದ. ಅಲ್ಲಿಯವರೆಗೆ ಯಾರೂ ಆ ಪ್ರಶ್ನೆ ಕೇಳಿರಲಿಲ್ಲ. ಎಷ್ಟು ಸೀಟು, ಯಾವ ಬಣ್ಣ, ಮೋಟಾರ್ ಬೇಕೋ ಬೇಡವೋ ಎಂದೇ ಎಲ್ಲರೂ ಕೇಳಿದ್ದು. ನಾನು ರಿಕ್ರಿಯೇಷನ್, ಎಕ್ಸರ್‌ಸೈಜ್ ಎಂದು ಏನೇನೋ ಹೇಳಿದೆ. ಅವನು ಇನ್ನೂ ಉತ್ತರ ಬಂದಿಲ್ಲ ಎಂಬಂತೆ ನಿಂತೇ ಇದ್ದ. ಕೊನೆಗೆ ನಿಜ ಹೇಳಿದೆ. “ಇಷ್ಟು ದಿನ ಎಲ್ಲಾರೂ ನನ್ನ ದಾಟಿಸ್ಯಾರ. ಒಮ್ಮೆ ನಾನ ದಾಟಬೇಕಂತೀನಿ.”

“ಹಾಂ, ಅದು ಬ್ಯಾರೆ ಮಾತು,” ಅಂದ. “ಹಂಗಾದ್ರ ಮೊದಲ ವಜನ ಆರಸೂನು. ದೋಣಿ ಆಮ್ಯಾಲ.”

ನನ್ನ ನೋಟ್‌ಬುಕ್ಕಿನಲ್ಲಿ ಅಷ್ಟು ಹೊತ್ತಿಗೆ ನಾಲ್ಕು ಬಗೆಯ ದೋಣಿಗಳ ಟೇಬಲ್ ಇತ್ತು. ಉದ್ದ, ಅಗಲ, ಬಾಳಿಕೆ, ಮೆರಿಟ್ಸ್, ಡಿಮೆರಿಟ್ಸ್. ಯಂಕಪ್ಪ ಅದರ ಕಡೆ ನೋಡಲೂ ಇಲ್ಲ. ಮರುದಿನ ಬೆಳಿಗ್ಗೆ ಒಂದು ಗೋಣಿಚೀಲಕ್ಕೆ ಹೊಳೆಯ ಮರಳು ತುಂಬಿ ತಂದು ನಮ್ಮ ಗಾಡಿಯ ಹಿಂದಿನ ಏಣಿಯ ಹತ್ತಿರ ಇಟ್ಟ. ಇಬ್ಬರೂ ಸೇರಿ ಇದನ್ನು ಎತ್ತಿ, ಎದೆ ಮಟ್ಟಕ್ಕೆ ತಂದು, ಮತ್ತೆ ಇಳಿಸಬೇಕು. ಒಂದಲ್ಲ, ಮೂರು ಸಲ. ಮೂರನೆಯ ಸಲ ಎತ್ತಿದ ಮೇಲೆ ಮಾತಾಡಲು ಉಸಿರು ಇರಬೇಕು. ಮೊದಲ ಸಲಕ್ಕೇ ನನ್ನ ಭುಜ ಕಟಕ್ ಎಂದಿತು. ವರ್ಷಗಟ್ಟಲೆ ಬೋರ್ಡಿನ ಮೇಲೆ ಬರೆದು ಬಂದ ನೋವು ಅದು. ಅವನು ಒಂದು ಬೊಗಸೆ ಮರಳು ತೆಗೆದ. ಮತ್ತೆ ಎತ್ತಿದೆವು. ಮತ್ತೊಂದು ಬೊಗಸೆ ತೆಗೆದ. ಹೀಗೆ ತೆಗೆಯುತ್ತ ತೆಗೆಯುತ್ತ, ಮೂರು ಸಲ ಎತ್ತಿ ಇಳಿಸಿದ ಮೇಲೂ ನಾನು ಅವನನ್ನು ಬೈಯುವಷ್ಟು ಉಸಿರು ಉಳಿದಾಗ, ಸಾಕು ಎಂದ. ಸುಶಿ ಚೀಲವನ್ನು ಮಷೀನ್ ಮೇಲಿಟ್ಟಳು. ಹದಿನಾರು ಕಿಲೋ.

“ಇದು ನಿಮ್ಮ ದೋಣಿ ರೀ. ಇನ್ನ ಇದಕ್ಕ ಮೈ ಹುಡುಕೂನು,” ಅಂದ.

ಆ ಚೀಲ ನನ್ನ ಟೇಬಲ್ಲನ್ನು ಒಂದೇ ವಾರದಲ್ಲಿ ತೊಳೆದುಹಾಕಿತು. ಶ್ರೀರಾಮನಗರದಲ್ಲಿ ಮೀನು ಸಾಕುವ ರೈತರೊಬ್ಬರು ಫೈಬರ್ ದೋಣಿ ಮಾರುತ್ತಾರೆಂದು ತಿಳಿದು ಹೊರಟೆವು. ಯಂಕಪ್ಪನೂ ಬಂದ. ನಮ್ಮ ವ್ಯಾನಿನಲ್ಲಿ ಅವನು ಹಾಸಿಗೆಯ ಮೇಲೂ ಕೂಡಲಿಲ್ಲ, ಸ್ಟೂಲಿನ ಮೇಲೂ ಕೂಡಲಿಲ್ಲ. ನೆಲದ ನಟ್ಟನಡುವೆ ಚಕ್ಕಳಮಕ್ಕಳ ಹಾಕಿ ಕೂತ. ಸುಶಿ ಎಡಕ್ಕೆ ತಿರುಗಿಸಿದರೆ ಅವನು ಬಲಕ್ಕೆ ವಾಲುವನು, ಬಲಕ್ಕೆ ತಿರುಗಿಸಿದರೆ ಎಡಕ್ಕೆ. ಕನ್ನಡಿಯಲ್ಲಿ ಅದನ್ನು ನೋಡಿದ ಸುಶಿ, “ಯಂಕಪ್ಪ, ಇದು ಮುಳುಗಂಗಿಲ್ರಿ, ಆರಾಮ ಕುಂದರ್ರಿ,” ಅಂದಳು. “ನಿಮಗೇನ್ ಗೊತ್ರಿ ಅಕ್ಕಾರ,” ಅಂದ ಅವನು, “ಇಷ್ಟೊತ್ತು ನಾನ ಹಿಡಿದೀನಿ.”

ಆ ರೈತರು ಬತ್ತದ ಗದ್ದೆಗಳ ನಡುವಿನ ಮೀನುಹೊಂಡದ ಹತ್ತಿರ ದೋಣಿ ತೋರಿಸಿದರು. ಚೆಂದದ ನೀಲಿ ಬಣ್ಣ. “ನೋಡಂಡಿ ಮೇಡಂಗಾರೂ, ಇಪ್ಪತ್ತು ವರ್ಷ ಏನೂ ಆಗಲ್ಲ,” ಎಂದರು. ಯಂಕಪ್ಪ ಒಂದು ತುದಿ ಎತ್ತಿ, ಇಳಿಸಿ, ಅಂಗೈ ಒರೆಸಿಕೊಂಡ. “ದೋಣಿ ಭಾಳ ಛಲೋ ಐತ್ರಿ ಧಣಿ. ನಮ್ಮ ಅಮ್ಮಾರ ಇದಕ್ಕ ಬರಾಬರಿ ಇಲ್ಲ.” ಅವರಿಗೆ ಬೇಸರವಾಗಲಿಲ್ಲ, ಮೂವರಿಗೂ ಮಜ್ಜಿಗೆ ಕೊಟ್ಟು ಕಳಿಸಿದರು. ಮಡಚುವ ಪ್ಲಾಸ್ಟಿಕ್ ದೋಣಿಯನ್ನು ಸುಶಿ ಫೋನಿನಲ್ಲಿ ತೋರಿಸಿದಳು. ದಪ್ಪ ತೋಳಿನ ತರುಣನೊಬ್ಬ ಎರಡೇ ನಿಮಿಷದಲ್ಲಿ ಅದನ್ನು ಬಿಡಿಸಿ ನೀರಿಗೆ ತಳ್ಳುತ್ತಾನೆ. ಯಂಕಪ್ಪ ಎರಡು ಸಲ ನೋಡಿ, “ಈ ಹುಡುಗನ್ನೂ ದೋಣಿ ಜೋಡಿ ಕೊಡ್ತಾರೇನ್ರಿ?” ಎಂದು ಕೇಳಿದ. ತಗಡಿನ ದೋಣಿ ಎಷ್ಟು ಭಾರವೆಂದರೆ ಅದರ ಮಾತು ಚೀಲದ ಹತ್ತಿರವೂ ಬರಲಿಲ್ಲ.

“ಹಂಗಾದ್ರ ಉಳಿದದ್ದು ಏನು?” ಎಂದೆ.

“ನೀವು ಸಣ್ಣಾಕಿ ಇದ್ದಾಗ ಕುಂತಿದ್ದು.”

ನನಗೆ ಒಪ್ಪಿಗೆಯಾಗಲಿಲ್ಲ. ಹರಿಗೋಲು ದುಂಡಗಿನದು, ನಮ್ಮ ಗಾಡಿ ಚೌಕ. ಒಳಗೆ ಹಿಡಿಯುವುದಿಲ್ಲ. ಅಲ್ಲದೆ, ಹೇಳಲು ನಾಚಿಕೆ, ನನಗೆ ಸ್ವಲ್ಪ ಮಾಡರ್ನ್ ಆದದ್ದು ಬೇಕಿತ್ತು. ಯಂಕಪ್ಪ ಗಾಡಿಯನ್ನು ಎರಡು ಸುತ್ತು ಹಾಕಿ, ಏಣಿ ಹತ್ತಿ, ಬಿಸಿಲಿಗೆ ಕಾದ ನೀರಿನ ಟ್ಯಾಂಕಿನ ಮೇಲೆ ಕೈಯಿಟ್ಟು ಚುರ್ ಎಂದು ತೆಗೆದ. “ಮಗುಚಿ ಇದರ ಮ್ಯಾಲ ಹಾಕಿದ್ರ ಗಾಡಿಗೆ ಟೊಪಗಿ ಆತು, ನೀರಿಗೆ ನೆಳ್ಳಾತು. ಏಣಿಗೆ ಎರಡು ಬಿದಿರು ಹಚ್ಚಿ, ಹಗ್ಗ ಕಟ್ಟಿ ಮುಂದಿನಿಂದ ಎಳದ್ರ ತಾನ ಜಾರಕೋಂತ ಮ್ಯಾಲ ಹೋಗತೈತಿ. ತೆಳಗ ಗೋಣಿ ಹಾಸ್ರಿ, ಡಾಂಬರು ಅಂಟಬಾರದು.” ಸುಶಿಯ ಮುಖ ಅರಳಿತು. ಬೇಸಿಗೆಯಲ್ಲಿ ನಮ್ಮ ಟ್ಯಾಂಕಿನ ನೀರಿನಲ್ಲಿ ಚಹಾಪುಡಿ ಹಾಕುವುದೊಂದೇ ಬಾಕಿ ಇರುತ್ತಿತ್ತು. ದೋಣಿಗೆ ಅಲ್ಲ, ಆ ನೆರಳಿಗೆ ಅವಳು ಹೂಂ ಅಂದಳು.

ಅಳತೆ ತೆಗೆದ ದಿನ ಚೆನ್ನಾಗಿ ನೆನಪಿದೆ. ನನ್ನನ್ನು ಒದ್ದೆ ಮರಳಿನ ಮೇಲೆ ಕಾಲು ಮಡಚಿ ಕೂಡಿಸಿದ. ಕೈಗೆ ಒಂದು ಕೋಲು ಕೊಟ್ಟು, ಹುಟ್ಟು ಹಾಕಿದ ಹಾಗೆ ಮುಂದೆ ಚಾಚಲು ಹೇಳಿದ. ಆಮೇಲೆ ಬಗ್ಗಿ, ನನ್ನ ಸುತ್ತ ಒಂದು ಗೆರೆ ಎಳೆದ. ಸೊಗಸಾದ ದುಂಡು. ನೋಡುತ್ತ ನಿಂತ. ನಂತರ ಅಂಗಾಲಿನಿಂದ ಅದನ್ನು ಅಳಿಸಿ, ಒಂದು ಗೇಣು ಹೊರಗೆ ಮತ್ತೊಂದು ದುಂಡು ಎಳೆದ.

“ನಾನೇನು ಅಷ್ಟು ದಪ್ಪ ಇದ್ದೀನೇನ್ರಿ?”

“ಇಲ್ರಿ. ಒಬ್ಬರಿಗೆ ಹರಗೋಲ ಮಾಡೂದಂದ್ರ ಒಂದೂವರೆ ಮಂದಿಗೆ ಮಾಡಬೇಕು.”

“ಆ ಅರ್ಧ ಮಂದಿ ಯಾರು?”

“ಯಾರರ ಆಗಲಿ. ನೀವು ಹೊಳ್ಯಾಗ ಇಳದ್ರಿ ಅಂದ್ರ ದಂಡ್ಯಾಗ ಒಬ್ಬರು ನಿಂತು ‘ಬರ್ಲೇನು’ ಅಂತ ಕೇಳ್ತಾರ. ಜಾಗಾ ಇಲ್ಲಂತ ಹೆಂಗ ಅಂತೀರಿ?”

“ಭಾರ ಹೆಚ್ಚಾಗತೈತಲ್ಲ?”

“ಬಿದಿರು ಸಣ್ಣಗ ಸೀಳತೀನಿ. ಹದಿನಾರ ಅಂದ್ರ ಹದಿನಾರ.”

ಎಂಟು ದಿನ ಅವನು ಕೂತು ಹೆಣೆದ. ಬಿದಿರ ಸೀಳುಗಳನ್ನು ಮೊದಲು ನೆಲದ ಮೇಲೆ ಅಡ್ಡಡ್ಡ ಹರಡಿ, ನಡುವೆ ಬಿಗಿದು, ತಳದ ಮೇಲೆ ಕಲ್ಲು ಹೇರಿ, ಸುತ್ತಲಿನ ತುದಿಗಳನ್ನು ಒಂದೊಂದೇ ಮೇಲಕ್ಕೆ ಬಗ್ಗಿಸುತ್ತಿದ್ದ. ಕೊನೆಗೆ ಹೊರಮೈಗೆ ಪ್ಲಾಸ್ಟಿಕ್ ಚೀಲ ಬಿಗಿದು ಡಾಂಬರು ಬಳಿದ. ಒಂದು ಸೀಳು ಸರಿ ಬರದಿದ್ದರೆ ಬಯ್ಯುತ್ತಿರಲಿಲ್ಲ. “ಇದು ಇನ್ನೊಂದು ಕಡೆ ಬಾಳ್ವೆ ಮಾಡತೈತಿ,” ಎಂದು ಪಕ್ಕಕ್ಕಿಡುತ್ತಿದ್ದ. ಅಂಥವುಗಳಿಂದಲೇ ನನಗೊಂದು ಮೊರ ಮಾಡಿಕೊಟ್ಟ. ಕೇರಲು ನಮ್ಮ ಬಳಿ ಧಾನ್ಯ ಎಲ್ಲಿದೆ? ಈಗ ಅದರಲ್ಲಿ ನನ್ನ ಪೆನ್ನು, ಕನ್ನಡಕ, ಮಾತ್ರೆ ಇರುತ್ತವೆ. ಕೊನೆಯ ದಿನ ಹರಿಗೋಲು ಮಷೀನ್ ಮೇಲೆ ನಿಂತಿತು. ಹದಿನಾರು ಕಿಲೋ, ಮೇಲೆ ನೂರು ಗ್ರಾಂ. “ಡಾಂಬರು ಇನ್ನ ಆರಿಲ್ರಿ,” ಅಂದ.

ಹುಟ್ಟು ಹಾಕಲು ಕಲಿಸುವಾಗ ಮಾತ್ರ ಯಂಕಪ್ಪನೂ ನಾನೂ ಜಗಳವಾಡಿದೆವು. ಬಂಡೆಗಳ ಮರೆಯಲ್ಲಿ ನೀರು ನಿಂತಂತಿದ್ದ, ಸೊಂಟದ ಆಳದ ಒಂದು ಮಡುವನ್ನು ಅವನು ಆರಿಸಿದ್ದ. ನಾನು ಪುಸ್ತಕದ ಚಿತ್ರಗಳಲ್ಲಿ ನೋಡಿದ ಹಾಗೆ ಪಕ್ಕದಲ್ಲಿ ಹುಟ್ಟು ಹಾಕಿದೆ. ಹರಿಗೋಲು ನಿಂತಲ್ಲೇ ಗಿರಗಿರ ತಿರುಗಿತು. ಇನ್ನೊಂದು ಪಕ್ಕ ಹಾಕಿದೆ. ಉಲ್ಟಾ ತಿರುಗಿತು. ಪ್ರವಾಸಿಗರನ್ನು ಹೊತ್ತು ಹೋಗುತ್ತಿದ್ದ ಹರಿಗೋಲಿನವರು ನಕ್ಕರು. ಅವರು ಬೇಕೆಂದೇ ತಿರುಗಿಸುತ್ತಾರೆ. ಮಂದಿ ಕೂಗಿ ಚಪ್ಪಾಳೆ ತಟ್ಟುತ್ತಾರೆ, ವಿಡಿಯೋ ಮಾಡುತ್ತಾರೆ. ಯಂಕಪ್ಪ ಜನ್ಮದಲ್ಲಿ ಒಂದು ಸಲವೂ ಹಾಗೆ ತಿರುಗಿಸಿದವನಲ್ಲ. ಎಷ್ಟು ಕೇಳಿಕೊಂಡರೂ ಇಲ್ಲ. “ನನ್ನ ನಂಬಿ ಕುಂತ ಮಂದಿಗೆ ದಂಡಿ ಯಾವ ಕಡೆ ಐತಿ ಅನ್ನೂದು ತಪ್ಪಿಸಬಾರದ್ರಿ,” ಎನ್ನುತ್ತಿದ್ದ. ಅದರಿಂದ ಅವನ ಹರಿಗೋಲಿಗೆ ಗಿರಾಕಿ ಕಡಿಮೆ. ಅವನಿಗೆ ಅದರ ಬೇಸರ ಇದ್ದಂತೆ ಕಾಣಲಿಲ್ಲ.

“ಬಾಜೂಕ ಅಲ್ರಿ, ಮುಂದ ಹಾಕ್ರಿ. ರೊಟ್ಟಿ ಹಿಟ್ಟು ನಾದಿದಂಗ ನಿಮ್ಮ ಕಡೆ ಎಳಕೋರಿ.”

“ನನಗ ರೊಟ್ಟಿ ಬರಂಗಿಲ್ರಿ.”

ದಡದ ಮೇಲಿದ್ದ ಸುಶಿ, “ಖರೆ ಹೇಳ್ತಾಳ್ರಿ, ಆಕೀಗೆ ಬ್ರೆಡ್ ಹೋಳು ಮಾಡಾಕೂ ಬರಂಗಿಲ್ಲ,” ಎಂದು ಕೂಗಿದಳು.

ಯಂಕಪ್ಪ ನೀರಲ್ಲಿ ನಿಂತು ಯೋಚಿಸಿದ. ಎರಡು ದಿನ ಯೋಚಿಸಿದ ಎಂದರೂ ಸುಳ್ಳಲ್ಲ, ಏಕೆಂದರೆ ಆ ಎರಡು ದಿನವೂ ನಾನು ತಿರುಗುತ್ತಲೇ ಇದ್ದೆ. ಯುಗಾದಿಗೆ ಐದು ದಿನ ಉಳಿದಿತ್ತು. ಭುಜ ಬಾತಿತ್ತು. ಮೂರನೆಯ ದಿನ ಬೆಳಿಗ್ಗೆ ನಾನು ಸುಶಿಗೆ, “ಇರಲಿ ಬಿಡು, ಟ್ಯಾಂಕಿಗೆ ನೆರಳಾತಲ್ಲ,” ಅಂದುಬಿಟ್ಟಿದ್ದೆ. ಅವಳು ನನ್ನ ಭುಜಕ್ಕೆ ಎಣ್ಣೆ ತಿಕ್ಕಿದಳು.

ಆಗ ಯಂಕಪ್ಪ ಬಂದ. “ಅಮ್ಮಾರ, ಸಾಲ್ಯಾಗ ಬೋರ್ಡ್ ಯಾರು ಒರಸತಿದ್ರು?”

“ನಾನ. ಹುಡುಗರು ಒರಸಿದ್ರ ಅರ್ಧ ಉಳೀತಿತ್ತು.”

“ಹೆಂಗ ಒರಸತಿದ್ರಿ, ತೋರಸ್ರಿ.”

ನಾನು ಗಾಳಿಯಲ್ಲಿ ತೋರಿಸಿದೆ. ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ, ಸ್ವಲ್ಪ ಒತ್ತಿ, ಸ್ವಲ್ಪ ಕೆಳಗಿಳಿಯುತ್ತ, ಮೂವತ್ತನಾಲ್ಕು ವರ್ಷ ಒರೆಸಿದ ಹಾಗೆ. ಅವನು ಹುಟ್ಟನ್ನು ನನ್ನ ಕೈಗೆ ತುರುಕಿದ. “ಹೊಳಿ ನಿಮ್ಮ ಬೋರ್ಡ್. ನಡ್ರಿ, ಒರಸ್ರಿ.”

ಹರಿಗೋಲು ತಿರುಗಲಿಲ್ಲ. ಒಮ್ಮೆ ಎಡಕ್ಕೆ ಮೂತಿ ಆಡಿಸಿತು, ಒಮ್ಮೆ ಬಲಕ್ಕೆ, ಆಮೇಲೆ ಮುಂದೆ ಹೋಯಿತು. ನಾನು ಒರೆಸುತ್ತಿದ್ದೆ, ಅದು ಹೋಗುತ್ತಿತ್ತು. ಸಾಲೆಯಲ್ಲಿ ಬೋರ್ಡ್ ಒರೆಸಿದ್ದು ಎಲ್ಲಿ ಉಪಯೋಗಕ್ಕೆ ಬರುತ್ತದೆ ಎಂದು ಯಾರು ಬಲ್ಲರು!

ಯುಗಾದಿಯ ಹಿಂದಿನ ದಿನ ನಾನು ದಾಟಿದೆ. ದೊಡ್ಡ ಹೊಳೆಯನ್ನಲ್ಲ, ದಡದಿಂದ ಎದುರಿನ ಆನೆಬೆನ್ನಿನಂಥ ಬಂಡೆಯವರೆಗೆ, ಮತ್ತೆ ವಾಪಸ್. ಲೈಫ್ ಜಾಕೆಟ್ ಹಾಕಿದ್ದೆ, ಸುಶಿ ಹಗ್ಗದ ಸುರುಳಿ ಹಿಡಿದು ನಿಂತಿದ್ದಳು. ಯಂಕಪ್ಪನೂ ಜೊತೆಗೆ ಬರುತ್ತಾನೆಂದೇ ನಾನು ತಿಳಿದದ್ದು. ಅವನು ದಡದಲ್ಲಿ ಕುಕ್ಕರುಗಾಲಿನಲ್ಲಿ ಕೂತ.

“ನೀವು ಬರ್ರಿ,” ಅಂದೆ.

“ನಾ ಬರಂಗಿಲ್ರಿ. ನಾ ಕುಂತ್ರ ನೀವು ಮತ್ತ ಪ್ಯಾಸೆಂಜರ್ ಆಗ್ತೀರಿ.”

ಹೋದೆ. ನಡುನೀರಿನಲ್ಲಿ ಎಷ್ಟು ಸದ್ದಿಲ್ಲ ಎಂದು ನನಗೆ ಗೊತ್ತಿರಲಿಲ್ಲ. ಪ್ಯಾಸೆಂಜರ್ ಆಗಿದ್ದಾಗ ಯಾರಾದರೂ ಮಾತಾಡುತ್ತಲೇ ಇರುತ್ತಿದ್ದರು. ಬಂಡೆ ಮುಟ್ಟಿ, ಅಂಗೈ ಅದರ ಮೇಲಿಟ್ಟೆ, ಬೆಚ್ಚಗಿತ್ತು. ಹಿಂದಿರುಗಿ ನೋಡಿದರೆ ದಡದಲ್ಲಿ ಸುಶಿ ಕಣ್ಣೊರೆಸಿಕೊಳ್ಳುತ್ತಿದ್ದಳು, ಯಂಕಪ್ಪ ಬೀಡಿ ಹಚ್ಚಿದ್ದ. ಬೀಡಿ ಹಚ್ಚಿದ್ದಾನೆ ಎಂದರೆ ಚಿಂತೆ ಇಲ್ಲ ಎಂದು ನನಗೆ ಧೈರ್ಯ ಬಂತು. ವಾಪಸ್ ಬಂದು ಇಳಿದಾಗ ಅವನು ನನ್ನನ್ನು ಹೆಗಲಿನಿಂದ ಪಾದದವರೆಗೆ ನೋಡಿದ. “ಸಲ್ಪ ಹಗೂರ ಆಗೀರಿ,” ಅಂದ, ಅಷ್ಟೇ.

ಆಮೇಲೆ ಎರಡು ವರ್ಷ ನಾವು ಎಲ್ಲೆಲ್ಲೋ ಹೋದೆವು. ಹೋದ ಕಡೆ ಕೆರೆ, ಹಿನ್ನೀರು ಸಿಕ್ಕರೆ ಗಾಡಿಯ ಟೊಪ್ಪಿಗೆ ಇಳಿಯುತ್ತಿತ್ತು. ಯಂಕಪ್ಪನಿಗೆ ಫೋನ್ ಮಾಡಿದರೆ ಅವನ ಮೊದಲ ಪ್ರಶ್ನೆ ನಮ್ಮ ಆರೋಗ್ಯದ್ದಲ್ಲ. “ತಳಾ ಒಣಗಿಸಿ ಇಡ್ತೀರೇನ್ರಿ?” ಒಂದು ಸಲ ಅವನ ಫೋನನ್ನು ಮಗಳು ತೆಗೆದಳು. ಅಪ್ಪನ ಮೊಣಕಾಲು ಸೋತಿದೆ, ಈಗ ನನ್ನ ಹತ್ತಿರ ಕುಷ್ಟಗಿಯಲ್ಲಿದ್ದಾನೆ ಎಂದಳು. ನಾವು ಗಾಡಿ ತಿರುಗಿಸಿದೆವು.

ಮಗಳ ಮನೆ ಗದ್ದಲದ, ನಗುವಿನ ಮನೆ. ಕಟ್ಟೆಯ ಮೇಲೆ ಯಂಕಪ್ಪ ಕೂತಿದ್ದ. ಎಷ್ಟು ಸಣ್ಣಗಾಗಿದ್ದನೆಂದರೆ ಅಂಗಿಯೇ ಅವನನ್ನು ಹಾಕಿಕೊಂಡಂತಿತ್ತು. ಮಗಳು ಚಹಾ ತಂದವಳು ದೂರು ಹೇಳಿದಳು. “ನೀವರ ಬುದ್ಧಿ ಹೇಳ್ರಿ ಅಮ್ಮಾರ. ಮೊನ್ನೆ ನನ್ನ ನಾದಿನೀನ ನೋಡಾಕ ಗಂಡಿನವ್ರು ಬಂದಿದ್ರು. ಅಪ್ಪ ಹೊಸಲಿನ್ಯಾಗ ಕುಂತು ಒಬ್ಬೊಬ್ಬರದ ವಜನ ಹೇಳಿದ. ಗಂಡಿನ ತಾಯಿಗೆ ತೊಂಬತ್ತೊಂದ ಅಂದ!”

“ಖರೆ ಇದ್ದದ್ದ ಅಂದೀನಿ,” ಅಂದ ಯಂಕಪ್ಪ. “ಲಗ್ನ ಕೂಡೇತಲ್ಲ. ಆಕೀನ ನಕ್ಕಳು ಮೊದಲ.” ಆಮೇಲೆ ನನ್ನ ಕಡೆ ನೋಡಿದ. “ಐವತ್ತೊಂಬತ್ತು. ಮೂರು ಕೇಜಿ ಎಲ್ಲಿ ಬಿಟ್ರಿ?”

“ನೀರಾಗ,” ಅಂದೆ.

ಆ ವರ್ಷ ಮಳೆ ಚೆನ್ನಾಗಿ ಆಗಿ ಊರ ಹೊರಗಿನ ಕೆರೆ ತುಂಬಿತ್ತು. ಸಂಜೆಯ ಬಿಸಿಲಿನಲ್ಲಿ ಅವನನ್ನು ವ್ಯಾನಿನಲ್ಲಿ ಕರೆದೊಯ್ದೆವು. ಈ ಸಲವೂ ನೆಲದ ನಡುವೆಯೇ ಕೂತ. ನಾನೂ ಸುಶಿಯೂ ಹಗ್ಗ ಬಿಚ್ಚಿ ಹರಿಗೋಲು ಇಳಿಸಿದೆವು. ಅವನು ಅದರ ತಳವನ್ನು ಬೆರಳಿನಿಂದ ತಟ್ಟಿ, ಅಂಚನ್ನು ಸವರಿ, ಒಂದು ಕಡೆ ನಾನು ಬಳಿದಿದ್ದ ಡಾಂಬರಿನ ತೇಪೆ ನೋಡಿ, “ಕೈ ಛಲೋ ಕುಂತೈತಿ,” ಅಂದ. ನಾನು ನೀರಿಗಿಳಿಸಿ ಕೂತೆ. ದಡದಿಂದ ಒಂದು ಮೊಳ ಸರಿದಿರಬೇಕು.

“ಅಮ್ಮಾರ,” ಅಂದ ಯಂಕಪ್ಪ. “ಬರ್ಲೇನ್ರಿ?”

ನಾನು ಹುಟ್ಟು ನಿಲ್ಲಿಸಿದೆ.

“ನಲವತ್ತಾರು ಅದೀನಿ ಈಗ. ಆ ಅರ್ಧ ಮಂದಿ ನಾನ ಆದೆ ನೋಡ್ರಿ.”

ಸುಶಿ ಅವನಿಗೆ ಲೈಫ್ ಜಾಕೆಟ್ ಹಾಕಿದಳು. ಇಷ್ಟು ವರ್ಷ ಹೊಳೆಯಲ್ಲಿದ್ದವನು ಸ್ಕೂಲಿಗೆ ಹೊರಟ ಹುಡುಗನ ಹಾಗೆ ಎರಡೂ ಕೈ ಎತ್ತಿ ನಿಂತು ಬಕಲ್ ಹಾಕಿಸಿಕೊಂಡ. ನನ್ನೆದುರು ಬಂದು ಕೂತ. ಸ್ವಲ್ಪ ದೂರ ಹೋದ ಮೇಲೆ ನೋಡುತ್ತೇನೆ, ತನ್ನ ಕೈಗಳನ್ನು ಏನು ಮಾಡಬೇಕೆಂದು ಅವನಿಗೆ ತಿಳಿಯುತ್ತಿಲ್ಲ. ಮೊಣಕಾಲ ಮೇಲಿಟ್ಟ, ಅಂಚಿನ ಮೇಲಿಟ್ಟ, ಕಂಕುಳಲ್ಲಿಟ್ಟ.

“ಕೈ ಎಲ್ಲಿಡಬೇಕ್ರಿ? ಕೈಯಾಗ ಏನೂ ಇಲ್ದ ಕುಂತೇ ಇಲ್ಲ ನಾ.”

“ಎಲ್ಲೆರ ಇಡ್ರಿ,” ಅಂದೆ. “ಅಲುಗಾಡಬ್ಯಾಡ್ರಿ ಅಷ್ಟ.”

ಅವನು ಜೋರಾಗಿ ನಕ್ಕ. ನಾನು ಕೆರೆಯನ್ನು ಎಡಕ್ಕೂ ಬಲಕ್ಕೂ ಒರೆಸುತ್ತ ನಡುವಿಗೆ ಒಯ್ದೆ. ಕೊಕ್ಕರೆಗಳು ಎದ್ದು ಇನ್ನೊಂದು ಕಡೆ ಕೂತವು. ಅವನು ನೀರಿಗೆ ಬೆರಳು ಬಿಟ್ಟು ಕೂತ. ಆಮೇಲೆ ಕಳ್ಳನ ಹಾಗೆ ದಡದ ಕಡೆ ನೋಡಿ, ದನಿ ತಗ್ಗಿಸಿ ಹೇಳಿದ.

“ಒಮ್ಮಿ ತಿರಗಸ್ರಿ.”

“ಏನು?”

“ಗಿರಗಿರ ತಿರಗಸ್ರಿ. ಹೆಂಗಿರತೈತಿ ಅಂತ ನೋಡತೀನಿ.”

ಪಕ್ಕದಲ್ಲಿ ಹುಟ್ಟು ಹಾಕುವುದು ನನಗೆ ಚೆನ್ನಾಗಿ ಬರುತ್ತಿತ್ತು; ಮೊದಲು ಕಲಿತದ್ದೇ ಅದು. ಹಾಕಿದೆ. ಕೆರೆ, ಏರಿ, ನಮ್ಮ ಬಿಳಿ ಗಾಡಿ, ಸುಶಿ, ಬೇಲಿ, ಸೂರ್ಯ, ಮತ್ತೆ ಗಾಡಿ, ಮತ್ತೆ ಸುಶಿ. ಯಂಕಪ್ಪ ಎರಡೂ ಕೈಯಿಂದ ಅಂಚು ಹಿಡಿದುಕೊಂಡು, ಕಣ್ಣು ಮುಚ್ಚಿಕೊಂಡು, ಪ್ರವಾಸಿಗರ ಹಾಗೆಯೇ ಕೂಗಿದ. ಆ ಕೂಗು ಏರಿಯ ಮೇಲಿನ ಎಮ್ಮೆಗಳನ್ನೂ ತಿರುಗಿ ನೋಡುವಂತೆ ಮಾಡಿತು. ನಿಂತ ಮೇಲೆ ಕಣ್ಣು ಬಿಟ್ಟು, “ದಂಡಿ ಎಲ್ಲೈತ್ರಿ?” ಎಂದು ಕೇಳಿದ. ಅವನಿಗೆ ನಿಜವಾಗಿಯೂ ಗೊತ್ತಾಗಿರಲಿಲ್ಲ.

“ನನಗ ಗೊತ್ತೈತಿ,” ಅಂದೆ. ಕರೆದುಕೊಂಡು ಬಂದೆ.

ಅವನನ್ನು ನೋಡಿದ್ದು ಅದೇ ಕೊನೆ. ಮುಂದಿನ ಸಂಕ್ರಾಂತಿಯ ಹೊತ್ತಿಗೆ ಮಗಳು ಫೋನ್ ಮಾಡಿದಳು. ಕಷ್ಟಪಡಲಿಲ್ಲ, ಉಂಡು ಮಲಗಿದವನು ಏಳಲಿಲ್ಲ ಎಂದಳು. ಕೆರೆಯ ವಿಷಯವನ್ನು ಬಂದವರಿಗೆಲ್ಲ ಹೇಳುತ್ತಿದ್ದನಂತೆ, ತಿರುಗಿಸಿದ್ದೊಂದನ್ನು ಬಿಟ್ಟು. ಅದನ್ನು ನಾನೂ ಇವತ್ತೇ ಹೇಳುತ್ತಿರುವುದು.

ಈಗ ನಾವು ಯಲಬುರ್ಗಾ ಕಡೆ ಒಂದು ಕೆರೆಯ ಹತ್ತಿರ ಬಂದು ವಾರವಾಯಿತು. ಹರಿಗೋಲಿಗೆ ಹೋದ ತಿಂಗಳು ಹೊಸ ಡಾಂಬರು ಬಳಿದೆವು. ಹದಿನೇಳು ಕಿಲೋ ಆಗಿದೆ, ನನ್ನ ಕೈ ಅವನ ಕೈಯಷ್ಟು ತೆಳುವಲ್ಲ. ಇವತ್ತು ಬೆಳಿಗ್ಗೆ ನಾನು ನೀರಿಗಿಳಿಸುವಾಗ ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು ಎದ್ದು ನಿಂತು, ಸೀರೆಯ ಸೆರಗಿಗೆ ಕೈ ಒರೆಸಿಕೊಂಡಳು. ವಾರದಿಂದ ನನ್ನನ್ನು ನೋಡುತ್ತಿದ್ದಳು. “ಯವ್ವಾ, ನಾ ಒಮ್ಮಿ ಬರ್ಲೇನ್ರಿ?”

ನಾನು ಅವಳ ಹೆಗಲು ನೋಡಿದೆ, ಸೊಂಟ ನೋಡಿದೆ, ಕೆಸರಿನಲ್ಲಿ ಹೆಜ್ಜೆ ಎಷ್ಟು ಹೂತಿದೆ ಎಂದು ನೋಡಿದೆ.

“ಐವತ್ತೈದು ಕೇಜಿ,” ಅಂದೆ.

“ಎಲ್ಲೀದ್ರಿ! ಅರವತ್ತು ದಾಟೇತಿ,” ಎಂದು ಅವಳು ಬಾಯಿಗೆ ಸೆರಗು ಹಿಡಿದು ನಕ್ಕಳು.

ಐದು ಕಿಲೋ ತಪ್ಪಿತು. ಇನ್ನೂ ಕಲಿಯಬೇಕು. ನಾನು ಒಂದು ಕಡೆ ಸರಿದು ಕೂತು ಸುಶಿಯಿಂದ ಇನ್ನೊಂದು ಲೈಫ್ ಜಾಕೆಟ್ ಕೇಳಿದೆ. “ಬಾರವಾ,” ಅಂದೆ ಅವಳಿಗೆ, “ನಡಬರಕ ಕಾಲಿಡು.”